ಹನ್ನೊಂದು ನಿಮಿಷದ ಲೆಕ್ಕ



ನಾನು ಪುತ್ತೂರಿನ ಕಡೆಯವನು. ಓದಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಟೆಕ್. ಈಗ ತಿರುವನಂತಪುರದ ಉಳ್ಳೂರಿನಲ್ಲಿ ಬಾಡಿಗೆ ಮನೆ, ಕೆಲಸ ಟೆಕ್ನೋಪಾರ್ಕಿನಲ್ಲಿ. ಕೆಮಿಸ್ಟ್ರಿ ನನ್ನ ಪಾಲಿಗೆ ಪಿಯುಸಿಗೇ ಮುಗಿದ ಸಬ್ಜೆಕ್ಟು. ಹಾಗಿದ್ದೂ ಇವತ್ತು ರಾಸಾಯನಿಕ ಅಪಘಾತಗಳ ಬಗ್ಗೆ ಮಾತಾಡೋಕೆ ನಿಂತಿದ್ದೀನಿ. ಕಾರಣ ಸರಳ. ನಮ್ಮ ಟೀಮು ಕಾರ್ಖಾನೆಗಳ ಸುರಕ್ಷತಾ ವಿಭಾಗಗಳಿಗೆ ಡ್ಯಾಶ್‌ಬೋರ್ಡ್ ಮಾಡುತ್ತೆ. ಅದರಲ್ಲಿ ಬರುವ ಬಣ್ಣಬಣ್ಣದ ನಕ್ಷೆಗಳ ಹಿಂದೆ ಏನಿದೆ ಅಂತ ಕಲಿಯೋಕೆ ನನ್ನನ್ನು ಕೊಚ್ಚಿಯಲ್ಲಿ ನಡೆದ ಮೂರು ದಿನದ ತರಬೇತಿಗೆ ಕಳಿಸಿದ್ದರು. ವಿಷಯ: ಅಪಘಾತ ಆದರೆ ಅದರ ಪರಿಣಾಮ ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ತೀವ್ರ ಅಂತ ಲೆಕ್ಕ ಹಾಕೋದು. ಪರಿಣಾಮ ವಿಶ್ಲೇಷಣೆ ಅಂತಾರೆ.

ನನಗೆ ಅಲ್ಲಿ ಗೊತ್ತಾದದ್ದನ್ನು ಊರು ಬಿಟ್ಟು ಬಂದು ಬಾಡಿಗೆ ಮನೆಯಲ್ಲಿರುವ ನಮ್ಮಂಥವರ ಜೊತೆ ಹಂಚಿಕೊಳ್ಳಬೇಕು ಅನ್ನಿಸ್ತು. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ.

ಮೊದಲು ಲೆಕ್ಕ ಹೇಗೆ ನಡೆಯುತ್ತೆ ನೋಡೋಣ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಮೂರು ಫಂಕ್ಷನ್‌ಗಳ ಪೈಪ್‌ಲೈನ್. ಒಂದರ ಔಟ್‌ಪುಟ್ ಇನ್ನೊಂದರ ಇನ್‌ಪುಟ್.

ಮೊದಲನೆಯದು: ಏನು, ಎಷ್ಟು ವೇಗವಾಗಿ ಹೊರಗೆ ಬರ್ತಿದೆ? ತೂತಿನ ವ್ಯಾಸ ಎರಡು ಪಟ್ಟಾದರೆ ಸೋರಿಕೆ ನಾಲ್ಕು ಪಟ್ಟು. ಅದೇ ಅಮೋನಿಯಾ ಮೈನಸ್ 33 ಡಿಗ್ರಿಗೆ ತಣಿಸಿ ಇಟ್ಟಿದ್ದರೆ ನೆಲದ ಮೇಲೆ ಹರಿದು ಕೊಳದ ಥರ ನಿಂತು ಆವಿಯಾಗುತ್ತೆ. ಒತ್ತಡದಲ್ಲಿ ಇಟ್ಟಿದ್ದರೆ ಹೊರಗೆ ಬಂದ ಕ್ಷಣಕ್ಕೇ ಐದರಲ್ಲಿ ಒಂದು ಪಾಲು ಅನಿಲವಾಗಿ ಸಿಡಿಯುತ್ತೆ, ಜೊತೆಗೆ ಸಣ್ಣ ಹನಿಗಳನ್ನೂ ಎತ್ತಿಕೊಂಡು ಹೋಗುತ್ತೆ. ವಸ್ತು ಒಂದೇ, ಇಟ್ಟ ರೀತಿ ಬೇರೆ, ಅಪಾಯವೂ ಬೇರೆ.

ಎರಡನೆಯದು: ಬಂದ ಅನಿಲ ಗಾಳಿಯಲ್ಲಿ ಹೇಗೆ ಹರಡುತ್ತೆ? ಇಲ್ಲಿ ಗಾಳಿಯ ವೇಗ, ದಿಕ್ಕು, ಮತ್ತೆ ವಾತಾವರಣದ ಸ್ಥಿರತೆ ಬೇಕು. ಸ್ಥಿರತೆಯನ್ನು ಎ ಇಂದ ಎಫ್ ವರೆಗೆ ಆರು ವರ್ಗ ಮಾಡ್ತಾರೆ. ಬಿಸಿಲು ಕಾದ ಮಧ್ಯಾಹ್ನ ಗಾಳಿ ಮೇಲೆ ಕೆಳಗೆ ಕಲಕ್ತಾ ಇರುತ್ತೆ, ಅದು ಎ ಕಡೆಗೆ. ಮೋಡವಿಲ್ಲದ ರಾತ್ರಿ ನೆಲ ತಣ್ಣಗಾಗಿ ಗಾಳಿ ಪದರ ಪದರವಾಗಿ ಮಲಗಿಬಿಡುತ್ತೆ, ಅದು ಎಫ್.

ಮೂರನೆಯದು: ಆ ಪ್ರಮಾಣ ಮನುಷ್ಯನಿಗೆ ಏನು ಮಾಡುತ್ತೆ? ಅಮೋನಿಯಾಕ್ಕೆ ಅಮೆರಿಕದವರ ಒಂದು ಪಟ್ಟಿ ಎಲ್ಲ ಕಡೆ ಬಳಕೆಯಲ್ಲಿದೆ. ಒಂದು ಗಂಟೆ ಉಸಿರಾಡುವ ಲೆಕ್ಕದಲ್ಲಿ 30 ಪಿಪಿಎಂ ಮೇಲೆ ಕಣ್ಣು ಗಂಟಲು ಉರಿ, 160ರ ಮೇಲೆ ಗಂಭೀರ ಹಾನಿ ಅಥವಾ ತಪ್ಪಿಸಿಕೊಂಡು ಹೋಗುವ ಶಕ್ತಿಯೇ ಕುಂದುವುದು, 1,100ರ ಮೇಲೆ ಪ್ರಾಣಾಪಾಯ. ನಕ್ಷೆಯಲ್ಲಿ ಕಾಣುವ ಹಳದಿ, ಕಿತ್ತಳೆ, ಕೆಂಪು ಅಂದ್ರೆ ಇವೇ ಮೂರು ಗೆರೆ.

ಇದಕ್ಕೆ ಅಲೋಹಾ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅಮೆರಿಕದ ಸರ್ಕಾರಿ ಸಂಸ್ಥೆಗಳು ಮಾಡಿದ್ದು. ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು. ಆದರೆ ನಾನು ನಿಮಗೆ ಒಂದು ಲೆಕ್ಕವನ್ನು ಕೈಯಲ್ಲೇ ತೋರಿಸ್ತೀನಿ.

ಸೆಕೆಂಡಿಗೆ ಒಂದು ಕಿಲೋ ಅಮೋನಿಯಾ ಸೋರ್ತಿದೆ ಅಂದ್ಕೊಳ್ಳಿ. ನೀವು ಒಂದು ಕಿಲೋಮೀಟರ್ ದೂರದಲ್ಲಿ, ಗಾಳಿ ಬೀಸುವ ದಾರಿಯಲ್ಲಿ ನೇರವಾಗಿ ಇದ್ದೀರಿ. ಬಯಲು ನೆಲ, ಹಳೆಯ ಗಾಸಿಯನ್ ಸೂತ್ರ.

ಮೊದಲ ಸಲ: ಮೋಡ ಕವಿದ ಮಧ್ಯಾಹ್ನ, ಗಾಳಿ ಸೆಕೆಂಡಿಗೆ 5 ಮೀಟರ್, ಸ್ಥಿರತೆ ಡಿ. ಉತ್ತರ ಸುಮಾರು 32 ಪಿಪಿಎಂ. ಕಣ್ಣುರಿ ಬರುತ್ತೆ, ಮೂಗು ಮುಚ್ಚಿಕೊಂಡು ಬೈದುಕೊಳ್ತೀರಿ.

ಎರಡನೇ ಸಲ: ನಕ್ಷತ್ರ ಕಾಣುವ ರಾತ್ರಿ, ಗಾಳಿ ಸೆಕೆಂಡಿಗೆ ಒಂದೂವರೆ ಮೀಟರ್, ಸ್ಥಿರತೆ ಎಫ್. ಉತ್ತರ ಸುಮಾರು 650 ಪಿಪಿಎಂ.

ಅದೇ ತೂತು, ಅದೇ ಸೋರಿಕೆ, ಅದೇ ದೂರ. ಇಪ್ಪತ್ತು ಪಟ್ಟು ವ್ಯತ್ಯಾಸ. ಮಧ್ಯಾಹ್ನ ಹಳದಿ ಅಂಚಿನಲ್ಲಿದ್ದ ಮನೆ ರಾತ್ರಿ ಕಿತ್ತಳೆಯ ಒಳಗೆ ಬಹಳ ಆಳದಲ್ಲಿರುತ್ತೆ. ನಿಜವಾದ ಅಮೋನಿಯಾ ಮೋಡ ಶುರುವಿನಲ್ಲಿ ತಣ್ಣಗೆ ಭಾರವಾಗಿ ನೆಲ ಹಿಡಿದೇ ಹೋಗುತ್ತೆ, ಊರಿನ ಕಟ್ಟಡಗಳು ಗಾಳಿಯನ್ನು ಕಲಕುತ್ತವೆ, ಹಾಗಾಗಿ ನಿಜದ ಅಂಕಿ ಬೇರೆ ಬರುತ್ತೆ. ಆದರೆ ಹಗಲಿಗೂ ರಾತ್ರಿಗೂ ಇರುವ ಈ ಅಂತರದ ಅಂದಾಜು ಸಾಕು. ಭೋಪಾಲ್ ಆದದ್ದು 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ. ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ ಸ್ಟೈರೀನ್ ಸೋರಿದ್ದು 2020ರ ಮೇ 7ರ ಬೆಳಗಿನ ಜಾವ. ಜನ ನಿದ್ದೆಯಲ್ಲಿರೋ ಹೊತ್ತೇ ಗಾಳಿಯೂ ನಿದ್ದೆಯಲ್ಲಿರುತ್ತೆ.

ಈಗ ಇನ್ನೊಂದು ಅಂಕಿ. ಸೆಕೆಂಡಿಗೆ ಒಂದೂವರೆ ಮೀಟರ್ ಗಾಳಿ ಒಂದು ಕಿಲೋಮೀಟರ್ ದಾಟೋಕೆ ಎಷ್ಟು ಹೊತ್ತು ಬೇಕು? ಸುಮಾರು 11 ನಿಮಿಷ. ಸೋರಿಕೆ ಶುರುವಾದದ್ದನ್ನು ಯಾರೋ ನೋಡಬೇಕು, ಕಂಟ್ರೋಲ್ ರೂಮಿಗೆ ಹೇಳಬೇಕು, ಅಲ್ಲಿಂದ ತೀರ್ಮಾನ ಆಗಬೇಕು, ಸೈರನ್ ಕೂಗಬೇಕು, ನಿಮಗೆ ಎಚ್ಚರ ಆಗಬೇಕು, ಆ ಸೈರನ್ ಏನು ಹೇಳ್ತಿದೆ ಅಂತ ಅರ್ಥ ಆಗಬೇಕು, ಏನು ಮಾಡಬೇಕು ಅಂತ ನಿಮಗೆ ಮೊದಲೇ ಗೊತ್ತಿರಬೇಕು. ಎಲ್ಲ ಸೇರಿ 11 ನಿಮಿಷ.

ನನ್ನ ಮಾತಿನ ತಿರುಳು ಇದೇ. ಪರಿಣಾಮ ವಿಶ್ಲೇಷಣೆಯ ನಿಜವಾದ ಔಟ್‌ಪುಟ್ ದೂರ ಅಂತ ನಾವು ಅಂದ್ಕೊಳ್ತೀವಿ. ಒಳಗಿರೋ ಮನುಷ್ಯನ ಮಟ್ಟಿಗೆ ಅದು ಸಮಯ. ಆ ಸಮಯದೊಳಗೆ ಅವನಿಗೆ ವಿಷಯ ಮುಟ್ಟದಿದ್ದರೆ ಲೆಕ್ಕ ಎಷ್ಟು ಸರಿಯಿದ್ದರೂ ಅವನಿಗೆ ಪ್ರಯೋಜನವಿಲ್ಲ. ವಿಶಾಖಪಟ್ಟಣದಲ್ಲಿ 12 ಜನ ಸತ್ತರು. ರಾಜ್ಯ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ತನಿಖೆ ಮಾಡಿ ಕಂಡುಕೊಂಡ ಸಂಗತಿಗಳಲ್ಲಿ ಒಂದು, ಆ ಬೆಳಗಿನ ಜಾವ ಸೈರನ್ ಒತ್ತಿರಲೇ ಇಲ್ಲ ಅನ್ನೋದು.

ಈಗ ಕೊಚ್ಚಿಗೆ ಬರೋಣ. ಇಲ್ಲಿ ಈ ಲೆಕ್ಕಕ್ಕೆ ಒಂದು ಇತಿಹಾಸ ಇದೆ. ಏಲೂರಿನ ಉದ್ಯೋಗಮಂಡಲದಲ್ಲಿ ಫ್ಯಾಕ್ಟ್ ಕಾರ್ಖಾನೆ ಗೊಬ್ಬರ ಮಾಡೋಕೆ ಶುರು ಮಾಡಿದ್ದು 1947ರಲ್ಲಿ. ಗೊಬ್ಬರಕ್ಕೆ ಅಮೋನಿಯಾ ಬೇಕು. ಆಮದಾಗುವ ಅಮೋನಿಯಾ ಇಳಿಯೋದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಅಲ್ಲಿ 10,000 ಟನ್ ಹಿಡಿಯುವ ಟ್ಯಾಂಕ್ ಇದೆ. ಸುತ್ತ ಬಂದರು, ನೌಕಾನೆಲೆ, ಹಿನ್ನೀರಿನ ಆಚೆ ದಡದಲ್ಲಿ ಎರ್ನಾಕುಲಂ ಪೇಟೆ. ಈ ಟ್ಯಾಂಕ್ ಒಡೆದರೆ ನಗರದ ಗತಿ ಏನು ಅಂತ ಲಾ ಸೊಸೈಟಿ ಆಫ್ ಇಂಡಿಯಾದವರು ಕೇರಳ ಹೈಕೋರ್ಟಿಗೆ ಹೋದರು. 1994ರಲ್ಲಿ ಹೈಕೋರ್ಟ್ ಬದುಕುವ ಹಕ್ಕಿನ ಆಧಾರದ ಮೇಲೆ ಟ್ಯಾಂಕ್ ನಿಲ್ಲಿಸಬೇಕು ಅಂತ ತೀರ್ಪು ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ನಮ್ಮಲ್ಲಿ ಎಷ್ಟೋ ಜನ ಇನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದಾಗ, ಒಂದು ಟ್ಯಾಂಕಿನ ಪರಿಣಾಮ ಎಷ್ಟು ದೂರ ಅನ್ನೋ ಪ್ರಶ್ನೆಯನ್ನು ಈ ಊರಿನವರು ಕೋರ್ಟಿನಲ್ಲಿ ಕೇಳಿಬಿಟ್ಟಿದ್ದರು.

ಆ ದ್ವೀಪದಿಂದ ಕಾರ್ಖಾನೆಗೆ ಅಮೋನಿಯಾ ಹೋಗುವ ಒಂದು ದಾರಿ ನೀರಿನದ್ದು. ಬಾರ್ಜ್‌ನಲ್ಲಿ, ಚಂಪಕ್ಕರ ಕಾಲುವೆ, ಉದ್ಯೋಗಮಂಡಲ ಕಾಲುವೆಗಳ ಮೂಲಕ. ಇವು ರಾಷ್ಟ್ರೀಯ ಜಲಮಾರ್ಗ 3ರ ಭಾಗ. 2016ರಲ್ಲಿ ಇಂಥ ಒಂದು ಬಾರ್ಜ್‌ನಿಂದ ವೈಟ್ಟಿಲ ಹತ್ತಿರ ಅಮೋನಿಯಾ ಸೋರಿ ದಡದ ಜನರನ್ನು ಬೇರೆ ಕಡೆ ಕಳಿಸಬೇಕಾಯಿತು. ವೈಟ್ಟಿಲ ಯಾವುದು ಗೊತ್ತಲ್ವಾ? ಬೆಂಗಳೂರಿನ ರಾತ್ರಿ ಬಸ್ಸು ಹತ್ತಿ ಬಂದು ಬೆಳಿಗ್ಗೆ ಬ್ಯಾಗ್ ಹಿಡ್ಕೊಂಡು ನಿದ್ದೆಗಣ್ಣಲ್ಲಿ ಇಳಿತೀರಲ್ಲ, ಅದೇ.

ತರಬೇತಿಯ ಮೂರನೇ ದಿನ ನಮಗೆ ಕೊಟ್ಟ ಅಭ್ಯಾಸವೂ ಇದೇ ಕಾಲುವೆಯದ್ದು. ಕಾಲ್ಪನಿಕ ಬಾರ್ಜ್, ಕಾಲ್ಪನಿಕ ತೂತು, ನಿಜವಾದ ನಕ್ಷೆ. ಐದೈದು ಜನರ ಗುಂಪು. ನಾವು ಸಾಫ್ಟ್‌ವೇರಿನವರು ಹುರುಪಿನಿಂದ ಮಾಡಿದ್ವಿ. ಗಾಳಿ ಬೀಸುವ ಕಡೆಗೆ ನಾಲಿಗೆ ಚಾಚಿದ ಥರ ಕೆಂಪು, ಕಿತ್ತಳೆ, ಹಳದಿ ಪಟ್ಟೆ ಬಂತು. ಅದರ ಮೇಲೆ ವಾರ್ಡಿನ ಜನಸಂಖ್ಯೆ ಹೇರಿ ಒಳಗೆ ಇಷ್ಟು ಜನ ಅಂತ ತೋರಿಸಿದ್ವಿ. ಪಾಠ ಮಾಡ್ತಿದ್ದವರು ಕಾರ್ಖಾನೆಯೊಂದರಲ್ಲಿ ಸುರಕ್ಷತೆ ನೋಡಿಕೊಂಡು ನಿವೃತ್ತರಾದವರು. ಮೀಸೆಯೊಳಗೆ ನಗುವವರು. ಅವರು ಪರದೆಯ ಹತ್ತಿರ ಬಂದು ಕೇಳಿದರು: "ಈ ಲೆಕ್ಕದಲ್ಲಿ ನೀವು ಇದ್ದೀರಾ?"

ನಮಗೆ ಪ್ರಶ್ನೆ ಅರ್ಥ ಆಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಜನಗಣತಿ ನಡೆದದ್ದು 2011ರಲ್ಲಿ. ಆಮೇಲೆ ಬಂದ ಪಿಜಿಗಳು, ಫ್ಲ್ಯಾಟ್‌ಗಳು, ಕಟ್ಟಡ ಕೆಲಸದ ಬಂಗಾಲಿ, ಒಡಿಯಾ ಹುಡುಗರ ಶೆಡ್ಡುಗಳು, ಅವರು ಯಾರೂ ಆ ಅಂಕಿಯಲ್ಲಿಲ್ಲ. "ನಾಳೆ ಪಂಚಾಯತ್ ಮೆಂಬರು ಜೀಪಿನಲ್ಲಿ ಮೈಕು ಕಟ್ಟಿಕೊಂಡು ಬಂದು ಮಲಯಾಳದಲ್ಲಿ ಕೂಗ್ತಾರೆ. ನಿಮಗೆ ಏನು ಕೇಳಿಸುತ್ತೆ?" ಅಂದರು. ನಮ್ಮ ಗುಂಪಿನಲ್ಲಿ ನಾನು, ಒಬ್ಬ ತೆಲುಗಿನವರು, ಒಬ್ಬ ಜಾರ್ಖಂಡಿನ ಹುಡುಗಿ. ಯಾರೂ ಮಾತಾಡಲಿಲ್ಲ.

ಗೆಳೆಯರೆ, ಊರಿನಲ್ಲಿ ನಮಗೆ ಇಂಥ ಮಾಹಿತಿ ಬರೋದು ಕಾಗದದಿಂದ ಅಲ್ಲ. ಅಜ್ಜಿಗೆ ಗೊತ್ತಿರುತ್ತೆ, ಪಕ್ಕದ ಮನೆ ಮಾವನಿಗೆ ಗೊತ್ತಿರುತ್ತೆ, ಅಂಗಡಿಯವನು ಹೇಳ್ತಾನೆ. ಏಲೂರಿನಲ್ಲಿ ಹುಟ್ಟಿ ಬೆಳೆದವರಿಗೆ ಯಾವ ವಾಸನೆ ಮಾಮೂಲು, ಯಾವುದು ಮಾಮೂಲಲ್ಲ ಅಂತ ಮೂಗೇ ಹೇಳುತ್ತೆ. ಬಾಡಿಗೆಗೆ ಬಂದವರಿಗೆ ಇದು ಯಾವುದೂ ಇರಲ್ಲ. ಬ್ರೋಕರ್ ವೈಫೈ ಬಗ್ಗೆ ಹೇಳ್ತಾನೆ, ಕಾರ್ ಪಾರ್ಕಿಂಗ್ ಬಗ್ಗೆ ಹೇಳ್ತಾನೆ. ಮೂರು ಕಿಲೋಮೀಟರ್ ಆಚೆ ಏನಿದೆ ಅಂತ ಹೇಳಲ್ಲ, ನಾವೂ ಕೇಳಲ್ಲ.

ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲಿ ಕೆಲಸ ಮಾಡೋರಿಗೆ 2023ರ ಮಾರ್ಚ್ ನೆನಪಿರಬೇಕು. ಬ್ರಹ್ಮಪುರಂ ಕಸದ ರಾಶಿಗೆ ಮಾರ್ಚ್ 2ಕ್ಕೆ ಬೆಂಕಿ ಬಿತ್ತು. ಹನ್ನೆರಡು ದಿನ ಹೊಗೆ. ಅದು ಕಾರ್ಖಾನೆ ಅಪಘಾತ ಅಲ್ಲ, ಅಲೋಹಾದಲ್ಲಿ ಅದರ ಲೆಕ್ಕವೂ ಬರಲ್ಲ. ಬೆಂಕಿಯ ಹೊಗೆ, ಮಿಶ್ರಣಗಳು, ಗುಡ್ಡ ಕಣಿವೆ, 10 ಕಿಲೋಮೀಟರ್ ಆಚೆ, ಇವು ಆ ಸಾಫ್ಟ್‌ವೇರಿನ ವ್ಯಾಪ್ತಿಗೆ ಹೊರಗೆ. ಆದರೆ ಗಾಳಿಯ ದಿಕ್ಕು ಬದಲಾದ ಹಾಗೆ ಒಂದು ದಿನ ಒಂದು ಬಡಾವಣೆ, ಮರುದಿನ ಇನ್ನೊಂದು ಬಡಾವಣೆ ಮುಳುಗೋದನ್ನು ಸಾವಿರಾರು ಜನ ಕಿಟಕಿಯಿಂದ ನೋಡಿದರು. ಅದೇ ಮೋಡಕ್ಕೆ ಬಣ್ಣ ಇಲ್ಲದಿದ್ದರೆ? ಅದು ತಲುಪೋಕೆ ಹನ್ನೆರಡು ದಿನದ ಬದಲು ಹನ್ನೊಂದು ನಿಮಿಷ ಆಗಿದ್ದರೆ?

ಹಾಗಿದ್ರೆ ಏನು ಮಾಡಬೇಕು? ಇಲ್ಲಿ ಒಂದು ಎಚ್ಚರಿಕೆ. ಎಲ್ಲ ಅನಿಲಕ್ಕೂ ಒಂದೇ ಉತ್ತರ ಇಲ್ಲ.

ಅಮೋನಿಯಾ, ಕ್ಲೋರಿನ್‌ನಂಥ ವಿಷಾನಿಲ ಆದರೆ ಬಹಳ ಸಲ ಮನೆಯೊಳಗೆ ಇರೋದೇ ಮೇಲು. ಇದಕ್ಕೂ ಲೆಕ್ಕ ಇದೆ. ಕಿಟಕಿ ತೆರೆದ ಮನೆಯಲ್ಲಿ ಗಂಟೆಗೆ ಐದು ಸಲ ಗಾಳಿ ಬದಲಾಗುತ್ತೆ ಅಂದ್ಕೊಂಡರೆ, ಮೋಡ ಬಂದ ಇಪ್ಪತ್ತು ನಿಮಿಷಕ್ಕೆ ಒಳಗಿನ ಪ್ರಮಾಣ ಹೊರಗಿನದರ ಶೇಕಡಾ 80 ಮುಟ್ಟುತ್ತೆ. ಎಲ್ಲ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಗಾಳಿ ಬದಲಾಗೋದನ್ನು ಗಂಟೆಗೆ ಅರ್ಧ ಸಲಕ್ಕೆ ಇಳಿಸಿದರೆ ಅದೇ ಇಪ್ಪತ್ತು ನಿಮಿಷಕ್ಕೆ ಶೇಕಡಾ 15. ಮೊದಲಿನ 650 ಪಿಪಿಎಂ ಒಳಗೆ ನೂರಕ್ಕೆ ಇಳಿಯಿತು. ಒಂದು ಒದ್ದೆ ಟವೆಲ್ ಕಿತ್ತಳೆ ಗೆರೆಯಿಂದ ನಿಮ್ಮನ್ನು ಆಚೆ ತಂದಿತು. ಕೇರಳದ ಹಳೆ ಮನೆಗಳಲ್ಲಿ ಕಿಟಕಿಯ ಮೇಲೆ ಮುಚ್ಚೋಕಾಗದ ಗಾಳಿಕಂಡಿ ಇರುತ್ತಲ್ಲ, ಅದನ್ನು ಮರೀಬೇಡಿ. ಫ್ಯಾನು, ಎಕ್ಸಾಸ್ಟ್, ಎಸಿ ಆಫ್. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ಹಾಗಾಗಿ ಮಹಡಿಯಿದ್ದರೆ ಮೇಲೆ ಹೋಗಿ. ಹೊರಗೆ ಸಿಕ್ಕಿಕೊಂಡಿದ್ದರೆ ಮೂಗಿಗೆ ಒದ್ದೆ ಬಟ್ಟೆ ಹಿಡಿದು ಗಾಳಿಗೆ ಅಡ್ಡಡ್ಡ ನಡೀರಿ. ಗಾಳಿಯ ಜೊತೆ ಓಡಿದರೆ ಮೋಡವೂ ಜೊತೆಗೇ ಬರುತ್ತೆ. ಭೋಪಾಲದಲ್ಲಿ ಎಷ್ಟೋ ಜನ ಹಾಗೇ ಓಡಿದರು. ಯಾರೂ ಅವರಿಗೆ ಬೇರೆ ಹೇಳಿರಲಿಲ್ಲ. ಮೋಡ ಹೋಯಿತು ಅಂತ ಅಧಿಕಾರಿಗಳು ಹೇಳಿದ ಮೇಲೆ ಕಿಟಕಿ ಬಾಗಿಲು ಪೂರ್ತಿ ತೆರೆದು ಹೊರಗೆ ಬರಬೇಕು, ಒಳಗೆ ಸೇರಿದ್ದು ಒಳಗೇ ಉಳಿಯಬಾರದು.

ಎಲ್‌ಪಿಜಿ ಆದರೆ ಕತೆ ಬೇರೆ. 2012ರ ಆಗಸ್ಟ್ 27ಕ್ಕೆ, ಓಣಂ ಹೊತ್ತಿನಲ್ಲಿ, ಕಣ್ಣೂರಿನ ಚಾಲದಲ್ಲಿ ಬುಲೆಟ್ ಟ್ಯಾಂಕರ್ ಮಗುಚಿತು. ಗ್ಯಾಸು ಹರಡಿ, ಆಮೇಲೆ ಬೆಂಕಿ ಹಿಡಿಯಿತು. 20 ಜನ ಸತ್ತರು. ಮರುವರ್ಷ ಏಪ್ರಿಲಿನಲ್ಲಿ ನಮ್ಮ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ, ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲೇ, ಅಂಥದ್ದೇ ಟ್ಯಾಂಕರು, ಅಂಥದ್ದೇ ಬೆಂಕಿ, ಅಲ್ಲೂ ಸಾವುಗಳು. ಹಬ್ಬಕ್ಕೆ ಊರಿಗೆ ಹೋಗುವಾಗ ನೀವೆಲ್ಲ ದಾಟೋ ಜಾಗ. ಎಲ್‌ಪಿಜಿ ಗಾಳಿಗಿಂತ ಭಾರ. ಚರಂಡಿ, ತಗ್ಗು, ಅಂಗಳ ಹಿಡಿದು ಹರಿದು ಯಾವುದೋ ಮನೆಯ ಒಲೆಯನ್ನು ಹುಡುಕಿಕೊಂಡು ಹೋಗುತ್ತೆ. ಅಲ್ಲಿ ಬಾಗಿಲು ಮುಚ್ಚಿ ಕೂತರೆ ಆಗಲ್ಲ. ಒಲೆ ಆರಿಸಿ, ಸ್ವಿಚ್ ಮುಟ್ಟದೆ, ಗಾಡಿ ಸ್ಟಾರ್ಟ್ ಮಾಡದೆ, ಎತ್ತರದ ಕಡೆಗೆ, ಗಾಳಿಗೆ ಅಡ್ಡವಾಗಿ ನಡೆದು ದೂರ ಹೋಗಬೇಕು. ಮಗುಚಿದ ಟ್ಯಾಂಕರ್ ವಿಡಿಯೋ ಮಾಡೋಕೆ ನಿಲ್ಲೋದು ಅಂದ್ರೆ ಕೆಂಪು ಪಟ್ಟೆಯೊಳಗೆ ಹೋಗಿ ನಿಂತ ಹಾಗೆ.

ಇನ್ನು ಉಳ್ಳೂರಿನ ಬಗ್ಗೆ. ತರಬೇತಿ ಮುಗಿಸಿ ಬಂದ ಮೇಲೆ ನನ್ನ ಮನೆಯನ್ನೇ ನಡುವೆ ಇಟ್ಟು ನಕ್ಷೆ ನೋಡಿದೆ. ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್‌ನಲ್ಲಿ ಕೊಚ್ಚುವೇಳಿ, ಅಲ್ಲಿ ಟ್ರಾವಂಕೂರ್ ಟೈಟಾನಿಯಂ ಕಾರ್ಖಾನೆ, ಅದರೊಳಗೆ ಸಲ್ಫ್ಯೂರಿಕ್ ಆಸಿಡ್ ಘಟಕ. 2021ರ ಫೆಬ್ರವರಿಯಲ್ಲಿ ಅಲ್ಲಿಂದ ಫರ್ನೇಸ್ ಆಯಿಲ್ ಸೋರಿ ಸಮುದ್ರ ಸೇರಿದ್ದು ಸುದ್ದಿಯಾಗಿತ್ತು. ಹಗಲು ಕಡಲ ಗಾಳಿ ನಮ್ಮ ಕಡೆಗೆ ಬೀಸುತ್ತೆ, ರಾತ್ರಿ ನೆಲದ ಗಾಳಿ ಕಡಲ ಕಡೆಗೆ. ಅಂದ್ರೆ ನಮ್ಮ ಮನೆಯ ಮಟ್ಟಿಗೆ ಆ ದಿಕ್ಕಿನಿಂದ ಏನಾದರೂ ಬಂದರೆ ಅದು ಹೆಚ್ಚಾಗಿ ಹಗಲಲ್ಲೇ. ಬೈಪಾಸಿನಲ್ಲಿ ಟ್ಯಾಂಕರ್‌ಗಳ ಓಡಾಟ. ನನಗೆ ಹೆದರಿಕೆ ಹೆಚ್ಚಾಗಲಿಲ್ಲ. ಯಾವ ಕಿಟಕಿ ಮೊದಲು ಮುಚ್ಚಬೇಕು ಅಂತ ಗೊತ್ತಾಯಿತು, ಅಷ್ಟೇ. ಮನೆ ಓನರ್ ಚೇಚ್ಚಿಗೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ಟೆರೇಸಿನ ತೆಂಗಿನ ಗರಿ ಯಾವ ಕಡೆ ವಾಲುತ್ತೆ ನೋಡು, ಗಾಳಿ ಗೊತ್ತಾಗುತ್ತೆ ಅಂದರು. ಯಾವ ಆ್ಯಪೂ ಬೇಡ.

ಇದೆಲ್ಲ ಕೇಳೋದು ನಮ್ಮ ಹಕ್ಕು ಕೂಡ. ಭೋಪಾಲ್ ಆದ ಮೇಲೆ 1987ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ಬಂತು. ಅಪಾಯಕಾರಿ ಕಾರ್ಖಾನೆ ತನ್ನ ಅಪಾಯಗಳನ್ನು ಕೆಲಸಗಾರರಿಗೆ ಮಾತ್ರ ಅಲ್ಲ, ಸುತ್ತಮುತ್ತಲಿನ ಸಾರ್ವಜನಿಕರಿಗೂ ತಿಳಿಸಬೇಕು ಅಂತ ಅದರ 41ಬಿ ಕಲಮು ಹೇಳಿತ್ತು. 1989ರ ಅಪಾಯಕಾರಿ ರಾಸಾಯನಿಕ ನಿಯಮಗಳ ಪ್ರಕಾರ ಕಾರ್ಖಾನೆಯೊಳಗಿನ ತುರ್ತು ಯೋಜನೆಯ ಅಣಕು ಕವಾಯತು ಆರು ತಿಂಗಳಿಗೊಮ್ಮೆ, ಹೊರಗಿನ ಯೋಜನೆಯದ್ದು ವರ್ಷಕ್ಕೊಮ್ಮೆಯಾದರೂ ನಡೀಬೇಕು. 1996ರ ನಿಯಮಗಳು ಜಿಲ್ಲಾ ಮತ್ತು ಸ್ಥಳೀಯ ಮಟ್ಟದಲ್ಲಿ ಬಿಕ್ಕಟ್ಟು ನಿರ್ವಹಣಾ ಗುಂಪುಗಳನ್ನು ಮಾಡಿವೆ. ನಿಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಒಂದು ಪತ್ರ ಬರೆದು ಮುಂದಿನ ಕವಾಯತು ಯಾವಾಗ, ಸೈರನ್ ಹೇಗೆ ಕೂಗುತ್ತೆ ಅಂತ ಜಿಲ್ಲಾಧಿಕಾರಿ ಕಚೇರಿಯನ್ನು ಕೇಳಬಹುದು. ಲಿಫ್ಟ್ ಮೆಂಟೆನೆನ್ಸ್ ಬಗ್ಗೆ ಗ್ರೂಪಿನಲ್ಲಿ ನೂರು ಮೆಸೇಜ್ ಹಾಕ್ತೀವಿ, ಇದಕ್ಕೆ ಒಂದು ಪತ್ರ ಹೆಚ್ಚಲ್ಲ.

ಮತ್ತೆ ಮಲಯಾಳದ ಐದಾರು ಮಾತು ಕಲೀರಿ. ವಾತಕ ಚೋರ್ಚ ಅಂದ್ರೆ ಅನಿಲ ಸೋರಿಕೆ. ಕಾಟ್ಟ್ ಅಂದ್ರೆ ಗಾಳಿ. ಜನಲ್ ಅಡಯ್ಕ್ಕುಕ, ಕಿಟಕಿ ಮುಚ್ಚಿ. ತೀ ಕತ್ತಿಕ್ಕರುತ್, ಬೆಂಕಿ ಹಚ್ಚಬೇಡಿ. ಒಳಿಞ್ಞು ಪೋಕುಕ, ಜಾಗ ಖಾಲಿ ಮಾಡಿ. ಕೊನೆಯ ಎರಡರ ವ್ಯತ್ಯಾಸ ಗೊತ್ತಿರಲೇಬೇಕು. ಫೋನಿನಲ್ಲಿ 112 ಮತ್ತು ಜಿಲ್ಲಾ ತುರ್ತು ಕೇಂದ್ರದ 1077 ಇಟ್ಟುಕೊಳ್ಳಿ. ಅಪ್ಪ ಅಮ್ಮ ಊರಿಂದ ಬಂದು ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರ್ತಾರಲ್ಲ, ಅವರಿಗೂ ಹೇಳಿಕೊಡಿ. ನಾವು ಎಸಿ ಆಫೀಸಿನಲ್ಲಿರೋ ಹೊತ್ತಿಗೆ ಆ ಜೀಪಿನ ಮೈಕು ಕೇಳಿಸೋದು ಅವರಿಗೆ.

ಕೊನೆಗೆ ನನ್ನ ಹಾಗೆ ಇಂಥ ಸಾಫ್ಟ್‌ವೇರ್ ಬರೆಯೋರಿಗೆ ಒಂದು ಮಾತು. ಪರದೆಯಲ್ಲಿ 1,247 ಮೀಟರ್ ಅಂತ ತೋರಿಸಬೇಡಿ. ಇಪ್ಪತ್ತು ಪಟ್ಟು ಏರುಪೇರಾಗುವ ಲೆಕ್ಕಕ್ಕೆ ಕೊನೆಯ 47 ಮೀಟರಿನ ನಿಖರತೆ ಎಲ್ಲಿಂದ ಬರಬೇಕು? ಹಗಲಿನದ್ದು, ರಾತ್ರಿಯದ್ದು ಎರಡೂ ಪಕ್ಕಪಕ್ಕ ತೋರಿಸಿ. ದೂರದ ಪಕ್ಕದಲ್ಲಿ ಮೋಡ ತಲುಪುವ ನಿಮಿಷ ಬರೀರಿ. ಅದರ ಕೆಳಗೆ ಇನ್ನೊಂದು ಕಾಲಮ್ ಇಡಿ: ಅಲ್ಲಿರೋ ಜನಕ್ಕೆ ಯಾವ ಯಾವ ಭಾಷೆಯಲ್ಲಿ ಹೇಳಬೇಕು. ನಮ್ಮ ಮುಂದಿನ ರಿಲೀಸಿನಲ್ಲಿ ಆ ಕಾಲಮ್ ಇದೆ. ಸದ್ಯಕ್ಕೆ ಎರ್ನಾಕುಲಂ ಜಿಲ್ಲೆಯ ಮಟ್ಟಿಗೆ ಮಲಯಾಳ, ತಮಿಳು, ಹಿಂದಿ, ಬಂಗಾಲಿ, ಒಡಿಯಾ ಸಂದೇಶಗಳು ಸಿದ್ಧವಾಗಿವೆ. ಕನ್ನಡದ್ದು ನಾನೇ ಬರೀತಿದ್ದೀನಿ. ಅಮ್ಮನಿಗೆ ಓದಿ ಹೇಳಿದೆ. "ಇಷ್ಟುದ್ದ ಬೇಡ ಮಾರಾಯ, ಕಿಟಕಿ ಹಾಕಿ ಅಂತ ಮೊದಲು ಬರಿ" ಅಂದರು. ಹಾಗೇ ತಿದ್ದಿದ್ದೀನಿ. ನಿಮ್ಮ ಮನೆಯವರಿಗೂ ಓದಿ ಹೇಳಿ, ಎಲ್ಲಿ ಅರ್ಥ ಆಗಲ್ಲ ಅಂತ ಕಮೆಂಟಿನಲ್ಲಿ ಬರೀರಿ. ತಿದ್ದೋಣ.